ಮೇಯೋನೀಸ್ ಇಲ್ಲದ ವಾಲ್ಡಾರ್ಫ್ ಸಲಾಡ್: ಕಟ್ಟಿದ ಮೊಸರು, ಬಾಳೆದಿಂಡು ಹಾಕಿ

ಸೇಬು, ಸೆಲರಿ ಅನ್ನುವ ಗರಿಗರಿ ಹಸಿರು ದಂಟು, ಅಕ್ರೋಟು, ಒಂದಿಷ್ಟು ದ್ರಾಕ್ಷಿ, ಎಲ್ಲದರ ಮೇಲೂ ದಪ್ಪಗೆ ಮೇಯೋನೀಸ್. ಇದು ವಾಲ್ಡಾರ್ಫ್ ಸಲಾಡ್. ದೊಡ್ಡ ಹೋಟೆಲ್‌ನಲ್ಲಿ ಒಂದು ಸಲ ತಿಂದಿದ್ದೆ, ಆ ಕರುಂ ಕುರುಂ ಇವತ್ತಿಗೂ ನೆನಪಿದೆ. ಆದರೆ ನಮ್ಮತ್ತೆಗೆ ಕೊಲೆಸ್ಟ್ರಾಲ್ ಜಾಸ್ತಿ ಅಂತ ಗೊತ್ತಾದ ಮೇಲೆ ಮೇಯೋನೀಸ್ ಡಬ್ಬಿ ಮನೆಗೆ ತರುವುದನ್ನೇ ಬಿಟ್ಟೆವು. ಅದಕ್ಕೆ ಬದಲು ಮೊಸರು ಹಾಕಿದರಾಯ್ತು ಅಂತ ಮೊದಲ ಸಲ ಮಾಡಿದಾಗ, ಹತ್ತೇ ನಿಮಿಷಕ್ಕೆ ಬಟ್ಟಲ ತಳದಲ್ಲಿ ನೀರು ನಿಂತಿತ್ತು. ಅತ್ತೆ ಒಂದು ಚಮಚ ತಿಂದು, "ಚೆನ್ನಾಗಿದೆ ಕಣಮ್ಮ, ಆದ್ರೆ ಇದು ಸೇಬಿನ ಮೊಸರುಬಜ್ಜಿ" ಅಂದರು. ಸರಿಯಾಗಿಯೇ ಹೇಳಿದ್ದರು.

ಯಾಕೆ ಹಾಗಾಯಿತು ಅಂದರೆ, ಮೇಯೋನೀಸ್‌ನಲ್ಲಿ ಮುಕ್ಕಾಲು ಪಾಲು ಎಣ್ಣೆ. ಹಾಗಾಗಿ ಅದು ಸೇಬಿನ ಮೇಲೆ ಅಂಟಿಕೊಂಡು ನಿಲ್ಲುತ್ತದೆ. ಮೊಸರಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇದೆ. ಎಣ್ಣೆ ತೆಗೆದ ಕೂಡಲೇ ನೀರಿನ ಕಾಟ ಶುರು. ಕೆಳಗೆ ಹೇಳಿರುವ ಕೆಲಸದಲ್ಲಿ ಅರ್ಧ ಆ ನೀರನ್ನು ತಡೆಯುವುದಕ್ಕೇ.

ನಾಲ್ಕು ಜನಕ್ಕೆ ಅರ್ಧ ಕೆಜಿ ಮೊಸರು ಬೇಕು. ತುಂಬಾ ಹುಳಿ ಬಂದಿರಬಾರದು. ತೆಳುವಾದ ಬಿಳಿ ಬಟ್ಟೆಗೆ, ಹಳೇ ಪಂಚೆ ತುಂಡಾದರೂ ಸರಿ, ಮೊಸರು ಸುರಿದು ಗಂಟು ಕಟ್ಟಿ, ಜರಡಿಯಲ್ಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್‌ನಲ್ಲಿ ಮೂರು ಗಂಟೆ ಬಿಡಿ. ಹೊರಗೆ ನೇತುಹಾಕಬೇಡಿ, ನಮ್ಮ ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲಿಗೆ ಹುಳಿ ಬಂದುಬಿಡುತ್ತದೆ. ಮೂರು ಗಂಟೆ ಆದಮೇಲೆ ಒಂದು ಕಪ್‌ನಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಚಮಚ ನೆಟ್ಟಗೆ ನಿಲ್ಲಬೇಕು. ಒಂದು ದೊಡ್ಡ ಚಮಚ ಮೇಯೋನೀಸ್‌ಗೆ ಸುಮಾರು 90 ಕ್ಯಾಲೊರಿ, ನಾಲ್ಕು ಜನಕ್ಕೆ ಅರ್ಧ ಕಪ್ ಹಾಕಿದರೂ 700 ದಾಟುತ್ತದೆ. ಈ ಮೊಸರು ಪೂರ್ತಿ ಹಾಕಿದರೂ 250ರ ಆಸುಪಾಸು.

ಮೊಸರು ಒಂದೇ ಹಾಕಿದರೆ ಸಪ್ಪೆ. ಅರ್ಧ ಚಮಚ ಸಾಸಿವೆಯನ್ನು ಒಂದೆರಡು ಚಮಚ ತಣ್ಣೀರಲ್ಲಿ ನೆನೆಸಿ, ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಐದು ನಿಮಿಷ ಬಿಟ್ಟು ಮೊಸರಿಗೆ ಸೇರಿಸಿ. ಬಿಸಿನೀರು ಹಾಕಿದರೆ ಘಾಟು ಬರುವುದಿಲ್ಲ. ಜೊತೆಗೆ ಕಾಳುಮೆಣಸಿನ ಪುಡಿ. ಉಪ್ಪು ಈಗ ಬೇಡ.

ಇನ್ನು ಸೆಲರಿ. ನಮ್ಮ ಸಂತೆಯಲ್ಲಿ ನಾನಂತೂ ಕಂಡಿಲ್ಲ, ಅದಕ್ಕೋಸ್ಕರ ಬೆಂಗಳೂರಿಗೆ ಹೋಗುವುದೂ ಬೇಡ. ಸೌತೆಕಾಯಿ ಹಾಕಿ ನೋಡಿದೆ, ನೀರು ಬಿಡುತ್ತದೆ. ನವಿಲುಕೋಸು ಪರವಾಗಿಲ್ಲ. ಆದರೆ "ಬಾಳೆದಿಂಡು ಹಾಕು, ಕೋಸಂಬರಿಗೆ ಹಸಿಯಾಗೇ ಹಾಕ್ತೀವಲ್ಲ" ಅಂತ ದಾರಿ ತೋರಿಸಿದ್ದು ಅತ್ತೆಯೇ. ನಿಜ ಹೇಳಬೇಕೆಂದರೆ ಈಗ ಸೆಲರಿ ಸಿಕ್ಕರೂ ನಾನು ದಿಂಡನ್ನೇ ಹಾಕುತ್ತೇನೆ. ಅಷ್ಟು ಗರಿಗರಿ, ನಾರಿನಂಶವೂ ಚೆನ್ನಾಗಿದೆ, ಕ್ಯಾಲೊರಿ ತುಂಬಾ ಕಮ್ಮಿ. ಮೇಲಿನ ಪದರಗಳನ್ನು ತೆಗೆಯುತ್ತಾ ಹೋಗಿ, ಒಳಗಿನ ಎಳೆ ದಿಂಡು ಸಿಕ್ಕಮೇಲೆ ತೆಳ್ಳಗೆ ಬಿಲ್ಲೆ ಕತ್ತರಿಸಿ. ಪ್ರತಿ ಬಿಲ್ಲೆಗೂ ನಾರು ಎಳೆದುಕೊಂಡು ಬರುತ್ತದೆ, ಅದನ್ನು ಬೆರಳಿಗೆ ಸುತ್ತಿ ತೆಗೆಯಿರಿ, ಬಿಟ್ಟರೆ ಹಲ್ಲಿಗೆ ಸಿಗುತ್ತದೆ. ಆಮೇಲೆ ಸಣ್ಣಗೆ ಹೆಚ್ಚಿ ತಕ್ಷಣ ನೀರುಮಜ್ಜಿಗೆಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಕಾಲು ಗಂಟೆ ಬಿಟ್ಟು, ಹಿಂಡಿ, ಬಟ್ಟೆ ಮೇಲೆ ಹರಡಿ ಆರಲು ಬಿಡಿ. ಒಂದು ಕಪ್ ಸಾಕು. ಸೆಲರಿಯ ಆ ಹಸಿರು ವಾಸನೆ ದಿಂಡಿಗೆ ಇಲ್ಲ, ಅದಕ್ಕೆ ಕೊತ್ತಂಬರಿ ಸೊಪ್ಪಿನ ದಂಟನ್ನು ಸಣ್ಣಗೆ ಹೆಚ್ಚಿ ಎರಡು ಚಮಚ ಹಾಕುತ್ತೇನೆ. ಎರಡೂ ಒಂದೇ ಕುಟುಂಬದ ಗಿಡಗಳು, ಹೊಂದಿಕೊಳ್ಳುತ್ತವೆ.

ಅಕ್ರೋಟು ಹಾಕಲೇಬೇಕಾ ಅಂತ ಕೇಳುತ್ತಾರೆ. ಇಲ್ಲ. ಈ ಸಲಾಡ್ ಹುಟ್ಟಿದ್ದು ನ್ಯೂಯಾರ್ಕ್‌ನ ವಾಲ್ಡಾರ್ಫ್ ಹೋಟೆಲ್‌ನಲ್ಲಿ. ಹೋಟೆಲ್ ಶುರುವಾಗಿದ್ದು 1893ರಲ್ಲಿ. ಅಲ್ಲಿ ಊಟದ ಮನೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಆಸ್ಕರ್ ಚಿರ್ಕಿ ಬರೆದಿಟ್ಟ ವಿಧಾನದಲ್ಲಿ ಸೇಬು, ಸೆಲರಿ, ಮೇಯೋನೀಸ್ ಮೂರೇ ಇದ್ದವು, ಅಕ್ರೋಟು ಆಮೇಲೆ ಬಂದು ಸೇರಿಕೊಂಡಿದ್ದು. ನಾನು ಆರು ಅಕ್ರೋಟಿನ ತಿರುಳು ಹಾಕುತ್ತೇನೆ, ಸುಮಾರು 25 ಗ್ರಾಂ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು, ಬಟ್ಟೆಯಲ್ಲಿ ಉಜ್ಜಿದರೆ ಕಹಿ ಸಿಪ್ಪೆ ಉದುರುತ್ತದೆ. ಚೂರು ಮಾಡಿ ಹಾಕಿದರೆ ಅಷ್ಟರಲ್ಲೇ ಪ್ರತಿ ತುತ್ತಿಗೂ ಸಿಗುತ್ತದೆ. ದುಬಾರಿ ಅನ್ನಿಸಿದರೆ ಹುರಿದ ಕಡಲೆಕಾಯಿ ಬೀಜ ಹಾಕಿ. ನಮ್ಮ ನೆಂಟರು ಪಾವಗಡದ ಕಡೆಯಿಂದ ತಂದುಕೊಟ್ಟಾಗ ನಾವು ಅದನ್ನೇ ಹಾಕುವುದು, ರುಚಿ ಬೇರೆ, ಆದರೆ ಕಮ್ಮಿಯೇನಲ್ಲ.

ದ್ರಾಕ್ಷಿ ಇಪ್ಪತ್ತು ಸಾಕು. ನಮ್ಮ ಜಿಲ್ಲೆಯಲ್ಲಿ ಬೆಳೆಯುವ ದಿಲ್‌ಖುಷ್ ಸಿಕ್ಕರೆ ಉದ್ದಕ್ಕೆ ಸೀಳಿ ಬೀಜ ತೆಗೆಯಿರಿ. ಜಿಐ ಟ್ಯಾಗ್ (ಇಂಥ ಪ್ರದೇಶದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿರುವ ಬೆಂಗಳೂರು ಬ್ಲೂ ನನಗೆ ಪ್ರಾಣ, ಆದರೂ ಇದಕ್ಕೆ ಬೇಡ. ಸಿಪ್ಪೆ ದಪ್ಪ, ತಿರುಳು ಜಾರಿ ಆಚೆ ಬರುತ್ತದೆ, ಬಣ್ಣ ಮೊಸರಿಗೆಲ್ಲ ಇಳಿಯುತ್ತದೆ. ಅದನ್ನು ಜ್ಯೂಸ್‌ಗೆ ಇಟ್ಟುಕೊಳ್ಳಿ.

ಸೇಬು ಕೊನೆಗೆ. ಮಧ್ಯಮ ಗಾತ್ರದ್ದು ಎರಡು. ತಳ್ಳುಗಾಡಿಯವರ ಹತ್ತಿರ ಕೆಂಪಗೆ ಹೊಳೆಯುವುದನ್ನೇ ಆರಿಸಬೇಡಿ, ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ತೂಕ ಇರಬೇಕು, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ತಗ್ಗಬಾರದು. ಬೆಂಡಾದ ಸೇಬು ಹಾಕಿದರೆ ಮಾಡಿದ್ದೆಲ್ಲ ದಂಡ. ಆಗಸ್ಟ್‌ನಿಂದ ಶಿಮ್ಲಾ ಸೇಬು ಬರುತ್ತದಲ್ವಾ, ಆಗ ಮಾಡಿದರೆ ಚೆನ್ನ. ಬೇರೆ ಕಾಲದಲ್ಲಿ ಸಿಗುವುದು ಜಾಸ್ತಿ ಕೋಲ್ಡ್ ಸ್ಟೋರೇಜ್‌ದು ಅಥವಾ ಹೊರದೇಶದ್ದು. ಮೇಣ ಬಳಿದಂತೆ ಕಂಡರೆ ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು, ಒರೆಸಿ. ಸಿಪ್ಪೆ ತೆಗೆಯಬೇಡಿ. ಗೋಲಿ ಗಾತ್ರಕ್ಕೆ ಹೆಚ್ಚಿ, ಹೆಚ್ಚುತ್ತಿದ್ದ ಹಾಗೇ ಅರ್ಧ ನಿಂಬೆಹಣ್ಣಿನ ರಸದಲ್ಲಿ ಹೊರಳಿಸಿ. ಕತ್ತರಿಸಿದ ಜಾಗಕ್ಕೆ ಗಾಳಿ ತಾಗಿದರೆ ಕಂದು ಬಣ್ಣ ಬರುತ್ತದೆ, ನಿಂಬೆಯ ಹುಳಿ ಅದನ್ನು ತಡೆಯುತ್ತದೆ. ಹಸಿರು ಸೇಬಾದರೆ ಮೊದಲೇ ಹುಳಿ, ನಾಲ್ಕೇ ಹನಿ ನಿಂಬೆರಸ, ಅರ್ಧ ಚಮಚ ಜೇನುತುಪ್ಪ.

ಈಗ ಸೇಬು, ದಿಂಡು, ದಂಟು, ದ್ರಾಕ್ಷಿ ಎಲ್ಲ ಒಣಗಿವೆಯಾ ಅಂತ ಒಂದು ಸಲ ಮುಟ್ಟಿ ನೋಡಿ ಮೊಸರಿಗೆ ಹಾಕಿ, ಕೈಯಲ್ಲೇ ಹಗುರವಾಗಿ ಕಲಸಿ. ಉಪ್ಪು ಮತ್ತು ಅಕ್ರೋಟು ಬಡಿಸುವ ಮುಂಚೆ. ಉಪ್ಪು ಮೊದಲೇ ಬಿದ್ದರೆ ಸೇಬು, ದಿಂಡು ಎರಡೂ ನೀರು ಬಿಡುತ್ತವೆ, ಮತ್ತೆ ಮೊಸರುಬಜ್ಜಿ.

ಕಲಸಿದ ಅರ್ಧ ಗಂಟೆಯೊಳಗೆ ತಿಂದರೆ ಚೆನ್ನ. ನಾವು ಸಂಜೆ ಐದಕ್ಕೆ, ಬೋಂಡಾ ಬಜ್ಜಿ ಕೇಳುವ ಹೊತ್ತಿಗೆ, ಇದನ್ನು ಕೊಡುತ್ತೇವೆ. ಆಫೀಸ್ ಡಬ್ಬಿಗಾದರೆ ಮೊಸರು ಒಂದು ಡಬ್ಬಿ, ಹಣ್ಣು ಒಂದು ಡಬ್ಬಿ, ಉಪ್ಪು ಅಕ್ರೋಟು ಚಿಕ್ಕ ಪೊಟ್ಟಣದಲ್ಲಿ. ಬಟ್ಟೆಯಿಂದ ಸೋರಿದ ಮೊಸರಿನ ನೀರು ಚೆಲ್ಲಬೇಡಿ, ರಾತ್ರಿ ಅದರಲ್ಲೇ ಚಪಾತಿ ಹಿಟ್ಟು ಕಲಸಿ, ಮೆತ್ತಗೆ ಬರುತ್ತದೆ.