ಸ್ವಂತ ಊರಿನ ಸ್ಟೇಷನ್ನೇ ಗೊತ್ತಾಗಲಿಲ್ಲ

ಹದಿನೇಳು ವರ್ಷ ಸೀಸನ್ ಟಿಕೆಟ್ ಮಾಡಿಸಿಕೊಂಡು ಕುಂಬಳೆಯಿಂದ ಮಂಗಳೂರಿಗೆ ಓಡಾಡಿದವನು ನಾನು. ನಮ್ಮದೊಂದು ರೈಲಿನ ಹುಚ್ಚರ ಗುಂಪು. ಒಬ್ಬರು ಫೋಟೋ ಕಳಿಸಿದರೆ ಉಳಿದವರು ಅದು ಯಾವ ಸ್ಟೇಷನ್ ಅಂತ ಹೇಳಬೇಕು, ಸೋತವನು ತಿಂಡಿ ಕೊಡಿಸಬೇಕು. ಒಂದು ದಿನ ಸೋಲಾಪುರದ ಗೆಳೆಯ ಫೋನಿಗೆ ಒಂದು ಫೋಟೋ ಕಳಿಸಿದ. "ಯಾವ ಸ್ಟೇಷನ್, ಹೇಳ್ ನೋಡೋಣ." ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಪಾಚಿ, ಹಿಂದೆ ತೆಂಗು, ಮೋಡ. ಹೆಸರಿನ ಬೋರ್ಡ್ ಇದ್ದ ಕಡೆ ಕತ್ತರಿ ಹಾಕಿದ್ದ. ನಾನು ಜಾಸ್ತಿ ಯೋಚಿಸಲೇ ಇಲ್ಲ. "ಕೊಂಕಣ ರೈಲ್ವೆ, ರತ್ನಾಗಿರಿ ಜಿಲ್ಲೆ" ಅಂದೆ.

"ಅದು ನಿಮ್ಮೂರೇ ಐತಲ್ಲೋ!" ಅಂತ ಉತ್ತರ ಬಂತು.

ಹಿಂದಿನ ಮಳೆಗಾಲ ನಮ್ಮ ಮನೆಗೆ ಬಂದವನು ಹೊರಡುವ ದಿನ ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ತೆಗೆದಿದ್ದಂತೆ. ನಾನು ದಿನಾ ಒಂದೇ ಬೆಂಚಿನ ಹತ್ತಿರ ನಿಂತು, ಒಂದೇ ಬಾಗಿಲಿಗೆ ಹತ್ತುವವನು. ಆ ತುದಿ ನನಗೆ ಪರವೂರೇ ಆಗಿತ್ತು. ಪಂದ್ಯದ ಪ್ರಕಾರ ಅವನು ಮುಂದಿನ ಸಲ ಬಂದಾಗ ಚಹಾ, ಗೋಳಿಬಜೆ ನನ್ನ ಲೆಕ್ಕದಲ್ಲಿ. ಅದು ಹೋಗಲಿ. ಮರ್ಯಾದೆ ಹೋಯಿತಲ್ವಾ?

ಆಮೇಲೆ ಅದೇ ಫೋಟೋ ಇಟ್ಟುಕೊಂಡು ಕೂತೆ. ಕೆಂಪುಕಲ್ಲು ನೋಡಿ ಮೋಸ ಹೋಗಿದ್ದೆ. ನಾವು ಮುರಕಲ್ಲು ಅನ್ನುವುದನ್ನೇ ರತ್ನಾಗಿರಿಯವರು ಜಾಂಭಾ ಅನ್ನುತ್ತಾರೆ. ಕರಾವಳಿ ಉದ್ದಕ್ಕೂ ಅದೇ ಕಲ್ಲು, ಅದೇ ಪಾಚಿ. ಉತ್ತರ ಇದ್ದದ್ದು ಚಿತ್ರದ ಬಲಮೂಲೆಯಲ್ಲಿ, ಅರ್ಧ ಕಾಣುವ ಕರೆಂಟ್ ಕಂಬದಲ್ಲಿ. ಪ್ರತಿ ಕಂಬದ ಮೇಲೆ ಎರಡು ಸಂಖ್ಯೆ ಇರುತ್ತವೆ. ಮೇಲಿನದು ಕಿಲೋಮೀಟರು, ಕೆಳಗಿನದು ಆ ಕಿಲೋಮೀಟರಿನಲ್ಲಿ ಎಷ್ಟನೇ ಕಂಬ ಅನ್ನುವುದು. ಆ ಕಂಬದಲ್ಲಿ ಮೇಲಿನ ಸಂಖ್ಯೆ 8ರಿಂದ ಶುರುವಾಗುವ ಮೂರಂಕಿಯದು. ನಮ್ಮ ಹಾದಿಯ ಲೆಕ್ಕ ಚೆನ್ನೈಯಿಂದ ಬರುತ್ತದೆ. ಮಂಗಳೂರು ಸೆಂಟ್ರಲ್ ಮುಟ್ಟುವಾಗ ಹತ್ತಿರ ಹತ್ತಿರ 890 ಆಗಿರುತ್ತದೆ. ಕೊಂಕಣ ರೈಲ್ವೆಯೋ, ರೋಹಾದಿಂದ ತೋಕೂರಿನವರೆಗೆ ಇಡೀ ಹಾದಿಯೇ ಸುಮಾರು 740 ಕಿಲೋಮೀಟರು. ಅಲ್ಲಿ ಎಂಟುನೂರು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಚಿತ್ರದಲ್ಲಿ ಎರಡು ಹಳಿ ಇದ್ದವು. ಕೊಂಕಣದಲ್ಲಿ ಬಹುಪಾಲು ಒಂಟಿ ಹಳಿ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಫೋಟೋ ಬಂದರೆ ಮೊದಲು ರೈಲಿನ ಮೇಲೆ ಬೆರಳು ಅಡ್ಡ ಇಟ್ಟು ಉಳಿದದ್ದನ್ನು ನೋಡುವುದು. ನಮ್ಮಂಥ ರೈಲಿನ ಹುಚ್ಚರಿಗೆ ಇದು ಕಷ್ಟ. ಕಣ್ಣು ಎಂಜಿನ್ನಿಗೇ ಹೋಗುತ್ತದೆ. ಆದರೆ ಎಂಜಿನ್ನಿನಷ್ಟು ಸುಳ್ಳು ಹೇಳುವುದು ಬೇರೆ ಇಲ್ಲ. ಮೈಮೇಲೆ ಈರೋಡ್ ಅಂತ ಬರೆದಿರುವುದು ಅದನ್ನು ರಿಪೇರಿ ಮಾಡಿ ನೋಡಿಕೊಳ್ಳುವ ಶೆಡ್ಡಿನ ಹೆಸರು. ಅದು ತಿರುಗುವ ಊರುಗಳಿಗೆ ಲೆಕ್ಕವಿಲ್ಲ. ಬಣ್ಣವೂ ಹಾಗೆಯೇ. 2023ರ ಸೆಪ್ಟೆಂಬರ್ 24ರಂದು ದೇಶದ ಮೊದಲ ಕೇಸರಿ ಬಣ್ಣದ ವಂದೇ ಭಾರತ್ ಹೊರಟದ್ದು ನಮ್ಮ ಕಾಸರಗೋಡಿನಿಂದ. ಸ್ವಲ್ಪ ದಿನ ನಮಗೆ ಸುಗ್ಗಿ. ಕೇಸರಿ ಕಂಡ ತಕ್ಷಣ "ಕಾಸರಗೋಡು–ತಿರುವನಂತಪುರದ ಹಾದಿ" ಅಂತ ಹೇಳಿ ಗೆಲ್ಲುತ್ತಿದ್ದೆವು. ಆಮೇಲೆ ಬೇರೆ ಕಡೆಗೂ ಆ ಬಣ್ಣ ಬಂತು, ಗೆಲುವು ನಿಂತಿತು.

ನೆರಳನ್ನು ಮಾತ್ರ ನಂಬಬಹುದು. ನಮ್ಮ ಹಾದಿ ಹೆಚ್ಚುಕಡಿಮೆ ಉತ್ತರ–ದಕ್ಷಿಣ. ಬಿಸಿಲು ಬೆಳಗ್ಗೆ ಗುಡ್ಡದ ಕಡೆಯಿಂದ, ಸಂಜೆ ಕಡಲಿನ ಕಡೆಯಿಂದ ಬರುತ್ತದೆ. ಯಾವ ಹೊತ್ತಿನ ಫೋಟೋ ಅಂತ ಗೊತ್ತಾದರೆ ಕ್ಯಾಮೆರಾ ಯಾವ ಕಡೆ ನೋಡುತ್ತಿದೆ ಅಂತ ಸಿಗುತ್ತದೆ.

ಬೋರ್ಡಿನ ತುಂಡು ಸಿಕ್ಕರಂತೂ ಹಬ್ಬ. ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರ ಅಂತ ಬರೆದಿರುತ್ತಾರಲ್ಲ, ಅದು ಕಂಡರೂ ಅರ್ಧ ಕೆಲಸ ಮುಗಿಯಿತು. ಬೆಂಗಳೂರಿನ ಸುತ್ತ ಅದು 900ರ ಆಸುಪಾಸು. ಊಟಿಯಲ್ಲಿ 2,203. ನಮ್ಮ ಕಡಲ ಬದಿಯಲ್ಲಿ ಒಂದೋ ಎರಡೋ ಅಂಕಿ ಇದ್ದರೆ ಹೆಚ್ಚು.

ಆದರೆ ಅಕ್ಷರದ ಮುಂದೆ ಎತ್ತರ ಏನೂ ಅಲ್ಲ. ಗಡಿಯಲ್ಲಿ ಬೆಳೆದವರಿಗೆ ಈ ಆಟದಲ್ಲಿ ಲಾಭ ಇರುವುದು ಇಲ್ಲೇ. ಮಂಜೇಶ್ವರದಲ್ಲಿ ಮಲಯಾಳದ ಜೊತೆ ಕನ್ನಡ ನೋಡಿಕೊಂಡೇ ಬೆಳೆದ ಕಣ್ಣು ನಮ್ಮದು. ಸೋಲಾಪುರದ ಗೆಳೆಯನಿಗೆ ಬೇರೆ ಮಜಾ. ಮರಾಠಿ, ಹಿಂದಿ ಎರಡಕ್ಕೂ ಲಿಪಿ ಒಂದೇ ಆದ್ದರಿಂದ ಅವರ ಕಡೆ ಎಷ್ಟೋ ಬೋರ್ಡಿನಲ್ಲಿ ಒಂದೇ ಹೆಸರು ಎರಡೆರಡು ಸಲ. "ನಮ್ಮ ಕಡೆ ಒಂದು ಸಲ ಹೇಳಿದ್ರ ಕೇಳಂಗಿಲ್ಲ" ಅನ್ನುತ್ತಾನೆ.

ಆದರೂ ಲಿಪಿಯಲ್ಲೇ ನಾನು ಒಮ್ಮೆ ಬಿದ್ದೆ. ಮಳೆನೀರು ಇಳಿಯುತ್ತಿದ್ದ ಕಿಟಕಿ ಗಾಜಿನೊಳಗಿಂದ ತೆಗೆದ ಫೋಟೋ. ಬಂಡೆಗುಡ್ಡ, ಒಣನೆಲ, ಹಳದಿ ಬೋರ್ಡಿನ ಮೇಲೆ ಕಲಸಿಹೋದ ಕಪ್ಪಕ್ಷರ. ಗುಂಡಗೆ ಕಂಡವು, ಕನ್ನಡ ಅಂದುಕೊಂಡೆ. ಬೆಂಗಳೂರು–ಗುಂತಕಲ್ ಹಾದಿ ಅಂತ ಗೊತ್ತಿತ್ತು, "ಗೌರಿಬಿದನೂರು" ಅಂದೆ. ಅದು ಗಡಿ ದಾಟಿದ ಮೇಲಿನ ಹಿಂದೂಪುರ! ಆಮೇಲೆ ಚಿತ್ರ ದೊಡ್ಡದು ಮಾಡಿ ನೋಡಿದರೆ ಎರಡು ಗುರುತು ಅಲ್ಲೇ ಇದ್ದವು. ಕನ್ನಡದ ತಲೆಕಟ್ಟು ಅಡ್ಡಕ್ಕೆ ಮಲಗಿ ತುದಿಯಲ್ಲಿ ಕೊಕ್ಕೆ ಹಾಕುತ್ತದೆ. ತೆಲುಗಿನದು ಮೇಷ್ಟ್ರು ಸರಿ ಉತ್ತರಕ್ಕೆ ಹಾಕುವ ಗುರುತಿನ ಹಾಗೆ ಎದ್ದು ನಿಲ್ಲುತ್ತದೆ. ಇನ್ನೊಂದು, ಕೊನೆಯ ಸೊನ್ನೆ. ನಾವು ಹಿಂದೂಪುರ ಅಂತ ನಿಲ್ಲಿಸಿದರೆ ಅವರು ಹಿಂದೂಪುರಂ ಅನ್ನುತ್ತಾರೆ. ಅನಂತಪುರಂ, ಧರ್ಮವರಂ, ಕುಪ್ಪಂ, ಎಲ್ಲದಕ್ಕೂ ಬಾಲದಲ್ಲಿ ಸೊನ್ನೆ. ಹಿಂದೂಪುರ, ಕುಪ್ಪಂ, ಹೊಸೂರು ಬೇರೆ ರಾಜ್ಯದಲ್ಲಿದ್ದರೂ ರೈಲ್ವೆ ಲೆಕ್ಕದಲ್ಲಿ ಬೆಂಗಳೂರು ವಿಭಾಗಕ್ಕೇ ಸೇರಿದವು. ಹಾಗಾಗಿ ಕಟ್ಟಡ, ಬೆಂಚು ನೋಡಿ ರಾಜ್ಯ ಹೇಳಲು ಹೋದರೆ ಕೆಟ್ಟಿರಿ.

ಒಂದು ಮಾತು ಮಧ್ಯದಲ್ಲೇ ಹೇಳಿಬಿಡುತ್ತೇನೆ. ಒಳ್ಳೆಯ ಒಗಟು ಸಿಗಲಿ ಅಂತ ಹಳಿಗೆ ಇಳಿದು ಫೋಟೋ ತೆಗೆಯುವ ಹುಡುಗರಿದ್ದಾರೆ. ನಮ್ಮ ಗುಂಪಿನಲ್ಲಿ ಅಂಥ ಫೋಟೋಗೆ ಉತ್ತರ ಕೊಡುವುದಿಲ್ಲ. ಹಳಿ ಮೇಲೆ ಓಡಾಡಿದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೂ ಜೈಲಾಗಬಹುದು. ಜೀವ ಉಳಿದರೆ ತಾನೇ ಜೈಲು.

ನನ್ನ ಹುಚ್ಚಿನ ಸುದ್ದಿ ಕೇಳಿ ಸೋದರಮಾವ ಹೋದ ವರ್ಷ ಒಂದು ಹಳೇ ಫೋಟೋ ತಂದರು. ಕಪ್ಪುಬಿಳುಪು. ಅವರ ಅಣ್ಣನ ಮದುವೆಯ ದಿಬ್ಬಣ ರೈಲಿಳಿದು ನಿಂತಿದೆ. ಚಿಕ್ಕ ಸ್ಟೇಷನ್, ತಗ್ಗು ಪ್ಲಾಟ್‌ಫಾರ್ಮ್, ಹಂಚಿನ ಮಾಡು. ಕಾಸರಗೋಡು ಅಂತ ಮಾವ, ಕಾಞಂಗಾಡು ಅಂತ ಅಮ್ಮ. ಎಡತುದಿಯಲ್ಲಿ ಒಬ್ಬರ ಕೊಡೆಯ ಹಿಂದೆ ಬೋರ್ಡಿನ ಬಾಲ ಕಾಣುತ್ತಿತ್ತು. ಇಂಗ್ಲಿಷಿನ ಕೊನೆಯ ಎರಡಕ್ಷರ ಆರ್, ಇ. ಅಲ್ಲಿಗೆ ಇಬ್ಬರದೂ ತಪ್ಪು.

ಮಂಗಳೂರನ್ನು ಆಗ ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಅಂತ ಬರೆಯುತ್ತಿದ್ದರು, ಕೊನೆಗೆ ಆರ್, ಇ. ಕಣ್ಣೂರು ಆಗ ಕ್ಯಾನನೋರ್, ಅದರ ಕೊನೆಗೂ ಆರ್, ಇ. ಆದರೆ ಎರಡೂ ದೊಡ್ಡ ಸ್ಟೇಷನ್‌ಗಳು. ಈ ಫೋಟೋದಲ್ಲಿ ಮಾಡಿನಿಂದ ನಾಲ್ಕು ಹೆಜ್ಜೆಗೆ ತೆಂಗಿನ ತೋಟ. ಈಗಿನ ವೇಳಾಪಟ್ಟಿಯಲ್ಲಿ ಮಂಜೇಶ್ವರದಿಂದ ಪಯ್ಯನ್ನೂರಿನವರೆಗೆ ಬೆರಳಿಟ್ಟುಕೊಂಡು ಬಂದೆ. ಉಪ್ಪಳ, ಕುಂಬಳೆ, ಕಾಸರಗೋಡು, ಕಳನಾಡು, ಕೋಟಿಕುಳಂ, ಬೇಕಲ ಕೋಟೆ, ಕಾಞಂಗಾಡು, ನೀಲೇಶ್ವರ, ಚೆರುವತ್ತೂರು, ಚಂದೇರ, ತೃಕ್ಕರಿಪುರ. ಒಂದೂ ಹೊಂದಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡೆ.

ನಾಲ್ಕನೇ ದಿನ ಮಂಗಳೂರಿಗೆ ಹೋಗುವಾಗ, ಉಪ್ಪಳದ ಹತ್ತಿರ ರೈಲು ಸುಮ್ನೆ ನಿಂತಿತ್ತು. ಆಗ ಹೊಳೆಯಿತು. ಬೇಕಲ ಕೋಟೆ ಅನ್ನುವುದು ಸ್ಟೇಷನ್ನಿಗೆ ಆಮೇಲೆ ಇಟ್ಟ ಹೆಸರು. ಮೊದಲು ಅದು ಪಳ್ಳಿಕೆರೆ!

ಸಂಜೆ ನೇರ ಮಾವನ ಮನೆಗೇ ಹೋದೆ. "ಹೆಣ್ಣಿನ ಮನೆ ಎಲ್ಲಿ ಇದ್ದದ್ದು ಮಾವ?" ಅಂದೆ.

"ಬೇಕಲದಲ್ಲಿ. ಯಾಕೆ?"

"ಮತ್ತೆ ದಿಬ್ಬಣ ಕಾಸರಗೋಡಲ್ಲಿ ಯಾಕೆ ಇಳಿಯಬೇಕು?"

ಮಾವ ಫೋಟೋ ಕೈಗೆ ತೆಗೆದುಕೊಂಡು ಕನ್ನಡಕ ಮೇಲೆ ಕೆಳಗೆ ಮಾಡಿದರು. "ಹೌದು ಮಾರಾಯ, ಪಳ್ಳಿಕೆರೆ. ಕೊಡೆ ಹಿಡಿದವ ಅಡುಗೆ ಭಟ್ರು. ಬೋರ್ಡಿಗೇ ಅಡ್ಡ ನಿಂತಿದ್ದಾರೆ ನೋಡು" ಅಂದರು. ಒಳಗೆ ಹೋಗಿ ಇನ್ನೊಂದು ಲಕೋಟೆ ತಂದರು. ಅದರಲ್ಲಿ ನಾಲ್ಕು ಫೋಟೋ. ಮೂರನ್ನು ಅಲ್ಲೇ ಕೂತು ಹೇಳಿದೆ. ನಾಲ್ಕನೆಯದರಲ್ಲಿ ಬೋರ್ಡೂ ಇಲ್ಲ, ರೈಲೂ ಇಲ್ಲ. ಪ್ಲಾಟ್‌ಫಾರ್ಮಿನ ನಲ್ಲಿಗೆ ಬಾಯಿಟ್ಟು ನೀರು ಕುಡಿಯುವ ಹುಡುಗ ಒಬ್ಬ. ಅದು ಈಗ ನನ್ನ ಫೋನಿನಲ್ಲಿದೆ. ಸೋಲಾಪುರಕ್ಕೂ ಕಳಿಸಿದ್ದೇನೆ.