ಹಕ್ಕಿಗೆ ಕಾಲುಂಗುರ ತೊಡಿಸುವವರಿಗೆ ನಾಲ್ಕು ಮಾತು

ಮೊದಲು ಬಳೆ ತೆಗೆದಿಡಿ. ವಾಚು, ಕೈಯುಂಗುರ, ಗುಂಡಿ ಜಾಸ್ತಿ ಇರುವ ಅಂಗಿ ಯಾವುದೂ ಬೇಡ. ಹಕ್ಕಿ ಹಿಡಿಯುವ ಬಲೆಯ ನೂಲು ತಲೆಕೂದಲಿನ ಹಾಗೆ ಸಣ್ಣ, ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಮೊದಲ ದಿನ ಹಕ್ಕಿ ಸಿಗುವ ಮುಂಚೆ ಸಿಕ್ಕಿಬಿದ್ದವಳು ನಾನೇ.

ಜಾಗ ಕೋಡಿಕ್ಕರೈ, ನಾಗಪಟ್ಟಿಣಂ ಜಿಲ್ಲೆಯ ಮೂಲೆ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪಾಕ್ ಜಲಸಂಧಿ, ಆಚೆಗೆ ಶ್ರೀಲಂಕಾ. ಉತ್ತರದಿಂದ ಬರುವ ಹಕ್ಕಿಗಳು ನೀರು ದಾಟುವ ಮುಂಚೆ ಇಲ್ಲಿನ ಕುರುಚಲು ಕಾಡಲ್ಲಿ ಇಳಿಯುತ್ತವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಎಷ್ಟೋ ವರ್ಷಗಳಿಂದ ಇಲ್ಲಿ ಅದರ ಕಾಲಿಗೆ ಸಂಖ್ಯೆಯಿರುವ ಉಂಗುರ ಹಾಕುತ್ತಿದ್ದಾರೆ. ನಾನು ನಾಲ್ಕು ಅಕ್ಟೋಬರ್ ಕೈಯಾಳಾಗಿ ದುಡಿದಿದ್ದೇನೆ, ಅಷ್ಟೇ. ನೀವೂ ಕಲಿತವರ ಪಕ್ಕ ನಿಂತೇ ಇದನ್ನು ಮಾಡಬೇಕು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಕ್ಕಿ ಹಿಡಿದರೆ ಅದು ಅಪರಾಧ.

ನಾನು ಸಾಗರದ ಕಡೆಯವಳು. ಈ ಕೆಲಸಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಕಾಣಿಸಿತು. ಆ ವೈರಸ್ಸು ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಜೊತೆ ಸೈಬೀರಿಯಾ ಕಡೆಯಿಂದ ಬಂತಾ ಅಂತ ಆಗ ಅನುಮಾನ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದುಡ್ಡಿನಿಂದ ಪಕ್ಷಿತಜ್ಞ ಸಲೀಂ ಅಲಿ ದೊಡ್ಡ ಮಟ್ಟದಲ್ಲಿ ಉಂಗುರ ಹಾಕುವ ಕೆಲಸ ಶುರು ಮಾಡಿದರು. ಹಾಗಾಗಿ ಹಕ್ಕಿ ಕೈಗೆ ಬಂದರೆ ನಾನು ಕಣ್ಣಿನ ಸುತ್ತ, ಕಿವಿಯ ಹತ್ತಿರ ಉಣುಗಿದೆಯಾ ಅಂತ ತಪ್ಪದೆ ನೋಡುತ್ತೇನೆ.

ಬಲೆ 12 ಮೀಟರ್ ಉದ್ದ. ಬಳ್ಳಾರಿ ಜಾಲಿಯ ನಡುವೆ ದಾರಿ ಸವರಿ, ಹಿಂದೆ ಪೊದೆ ಇರುವ ಹಾಗೆ ಕಟ್ಟಿ. ಬಯಲಲ್ಲಿ ಕಟ್ಟಿದರೆ ಹಕ್ಕಿಗೆ ಕಾಣುತ್ತದೆ. ಕೆಳಗಿನ ಜೋಲು ನೆಲಕ್ಕೆ ತಾಗಬಾರದು, ಮುಂಗುಸಿ ಕಾದಿರುತ್ತದೆ. ಬೆಳಕು ಹರಿಯುವ ಮುಂಚೆ ಬಲೆ ಬಿಚ್ಚಿ ಹರಡಿ. ಅರ್ಧ ಗಂಟೆಗೊಮ್ಮೆ ಬಲೆ ನೋಡಲು ಒಂದು ಸುತ್ತು ಹೋಗಿ ಬನ್ನಿ, ಬಿಸಿಲೇರಿದರೆ ಇನ್ನೂ ಬೇಗ. ಮಳೆ ಹನಿದರೆ ಬಲೆ ಸುತ್ತಿ ಮುಚ್ಚಿ. ಕಡಲ ಗಾಳಿ ಎದ್ದು ಬಲೆ ಹಾಯಿಯ ಹಾಗೆ ಉಬ್ಬಿದರೂ ಮುಚ್ಚಿ. "ಇನ್ನೊಂದೇ ಸುತ್ತು" ಅಂತ ಎಲ್ಲರಿಗೂ ಅನಿಸುತ್ತದೆ. ಬೇಡ.

ಈಗ ಕಷ್ಟದ್ದು, ಬಿಡಿಸುವುದು. ಹಕ್ಕಿ ಯಾವ ಕಡೆಯಿಂದ ನುಗ್ಗಿತು ಅಂತ ಮೊದಲು ನೋಡಿ. ಆ ಕಡೆಯಿಂದಲೇ ಅದು ಹೊರಬರಬೇಕು. ಸುಮ್ನೆ ಎಳೆದರೆ ಗಂಟು ಬಿಗಿಯುತ್ತದೆ. ಮೊದಲು ಕಾಲು: ಬೆರಳು ನೂಲನ್ನು ಮುಷ್ಟಿ ಕಟ್ಟಿ ಹಿಡಿದಿರುತ್ತವೆ, ಮೆಲ್ಲಗೆ ಬಿಡಿಸಿ. ಆಮೇಲೆ ರೆಕ್ಕೆ, ಕೊನೆಗೆ ತಲೆ. ಕೆಲವೊಮ್ಮೆ ನೂಲು ನಾಲಿಗೆಯ ಹಿಂದೆ ಹೋಗಿ ಕೂತಿರುತ್ತದೆ. ನಾಲಿಗೆಯ ಬುಡದಲ್ಲಿ ಹಿಮ್ಮುಖವಾಗಿ ಸಣ್ಣ ಮುಳ್ಳುಗಳಿವೆ, ಅದಕ್ಕೇ. ಜೇಬಲ್ಲಿ ಹಲ್ಲುಕಡ್ಡಿ ಇರಲಿ. ಅದರ ತುದಿಯಿಂದ ನೂಲೆತ್ತಿ ಮುಂದಕ್ಕೆ ದಾಟಿಸಿ. ಎರಡು ನಿಮಿಷದಲ್ಲಿ ಆಗಲಿಲ್ಲವಾ, ಕೂಗಿ ಹಿರಿಯರನ್ನು ಕರೆಯಿರಿ. ನಾಚಿಕೆ ಪಟ್ಟುಕೊಂಡು ನಿಂತರೆ ತೊಂದರೆ ಹಕ್ಕಿಗೆ.

ಹಿಡಿಯುವುದು ಹೀಗೆ: ಹಕ್ಕಿಯ ಬೆನ್ನು ನಿಮ್ಮ ಅಂಗೈಗೆ, ಕುತ್ತಿಗೆ ತೋರುಬೆರಳು-ನಡುಬೆರಳ ನಡುವೆ, ಉಳಿದ ಬೆರಳು ಸಡಿಲ. ಎದೆ ಒತ್ತಲೇಬಾರದು. ಹಕ್ಕಿಗೆ ನಮ್ಮ ಹಾಗೆ ಎದೆ-ಹೊಟ್ಟೆಯ ನಡುವೆ ಉಸಿರೆಳೆಯುವ ವಪೆ ಇಲ್ಲ, ಎದೆಮೂಳೆ ಆಡಿದರೇ ಉಸಿರು. ಬಿಗಿ ಹಿಡಿದರೆ ಮೂಗು ಮುಚ್ಚಿದ ಹಾಗೆ.

ಒಂದು ಚೀಲಕ್ಕೆ ಒಂದೇ ಹಕ್ಕಿ. ಹತ್ತಿ ಬಟ್ಟೆ, ಹೊಲಿಗೆ ಹೊರಮುಖ. ಒಳಗೆ ದಾರ ಜೋತಿದ್ದರೆ ಉಗುರಿಗೆ ಸುತ್ತುತ್ತದೆ. ಕಂದು ಕಳಿಂಗ ಸಿಕ್ಕಿದರೆ ಬೆರಳಿನ ಮೇಲೆ ಆಸೆ ಬಿಡಿ, ರಕ್ತ ಬರುವ ಹಾಗೆ ಕಚ್ಚುತ್ತದೆ. ಕಚ್ಚಲು ಒಂದು ಪೆನ್ಸಿಲ್ ಕೊಟ್ಟರೆ ಸ್ವಲ್ಪ ಶಾಂತಿ.

ಮೇಜಿನ ಹತ್ತಿರ ಬಂದ ಕೂಡಲೇ ಮೊದಲು ಉಂಗುರ. ಅಳತೆಯೆಲ್ಲ ಆಮೇಲೆ. ಹಾರಿಹೋದರೂ ಸಂಖ್ಯೆ ಉಳಿಯುತ್ತದಲ್ವಾ? ಯಾವ ಜಾತಿಗೆ ಯಾವ ಅಳತೆಯ ಉಂಗುರ ಅನ್ನುವ ಪಟ್ಟಿ ಅಲ್ಲೇ ಇರುತ್ತದೆ. ಇಕ್ಕಳದ ತೂತಲ್ಲಿ ಉಂಗುರ ಕೂರಿಸಿ, ಕಾಲಿಗೆ ಹಾಕಿ ಒತ್ತಿ. ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಒತ್ತಿ. ಸಂದಿ ಮೇಲೆ ಉಗುರು ಎಳೆದು ನೋಡಿ, ತಡೆದರೆ ಸರಿಯಾಗಿ ಮುಚ್ಚಿಲ್ಲ. ಉಂಗುರ ಕಾಲಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಜಾರಬೇಕು. ಸಂಖ್ಯೆ ಓದುವವರು ಜೋರಾಗಿ ಓದಿ, ಬರೆಯುವವರು ತಿರುಗಿ ಹೇಳಲಿ.

ಆಮೇಲೆ ಮಡಿಸಿದ ರೆಕ್ಕೆಯ ಉದ್ದ ಮಿಲಿಮೀಟರಿನಲ್ಲಿ. ನನಗೆ ಇಷ್ಟದ ಕೆಲಸ ಮಾತ್ರ ಕೊಬ್ಬು ನೋಡುವುದು. ಗಂಟಲ ಕೆಳಗೆ, ಎದೆಯ ಮೇಲೆ ಮೆಲ್ಲಗೆ ಊದಿ. ಗರಿ ಬಿಡಿಸಿಕೊಳ್ಳುತ್ತದೆ, ಕುತ್ತಿಗೆಯ ಬುಡದ ಕವಲು ಮೂಳೆಯ ನಡುವಿನ ಗುಳಿ ಕಾಣುತ್ತದೆ. ತೆಳು ಚರ್ಮದಡಿ ಹಳದಿ ಕೊಬ್ಬು, ಎಮ್ಮೆ ಬೆಣ್ಣೆಯಲ್ಲ, ಹಸುವಿನ ಬೆಣ್ಣೆಯ ಬಣ್ಣ. ಗುಳಿ ಖಾಲಿ ಇದ್ದರೆ ಕೊಬ್ಬಿನ ಅಂಕ ಸೊನ್ನೆ. ತುಂಬಿ ಉಬ್ಬಿದ್ದರೆ ಅದು ಹೊರಡಲು ಬುತ್ತಿ ಕಟ್ಟಿಕೊಂಡಿದೆ. ಜೊಂಡಿನ ಉಲಿಯಕ್ಕಿ ಹತ್ತು-ಹನ್ನೆರಡು ಗ್ರಾಂ ತೂಗುತ್ತದೆ, ಎರಡು-ಮೂರು ಟೀ ಚಮಚ ಸಕ್ಕರೆಯಷ್ಟು. ತೂಗುವಾಗ ಫ್ಯಾನ್ ಆರಿಸಿ, ಗಾಳಿಗೆ ತಕ್ಕಡಿ ಕುಣಿಯುತ್ತದೆ.

ಬಿಡುವಾಗ ಎಸೆಯಬೇಡಿ. ಪೊದೆಯ ನೆರಳಲ್ಲಿ ಅಂಗೈ ಬಿಚ್ಚಿ ಸುಮ್ಮನಿರಿ. ಒಮ್ಮೆ ನವರಂಗವೊಂದು ನನ್ನ ಕೈಮೇಲೆ ಅರ್ಧ ನಿಮಿಷ ಕೂತಿತ್ತು. ಹೋಗುವಾಗ ಅಂಗೈಗೆ ಹಿಕ್ಕೆ ಹಾಕಿಯೇ ಹೋಯಿತು.

ಕೊನೆಗೆ ಚೀಲ ಎಣಿಸಿ. ಎರಡನೇ ವರ್ಷ ಒಂದು ಸಲ ಬಲೆ ಮುಚ್ಚಿ, ತಿಂಡಿ ತಿಂದು, ಚೀಲ ಮಡಿಸಲು ಬಂದೆ. ಗೂಟದಲ್ಲಿದ್ದ ಒಂದು ಚೀಲ ಅಲುಗಿತು. ಒಳಗೆ ಕಂದು ನೊಣಹಿಡುಕ, ನಾನೇ ತಂದು ನೇತುಹಾಕಿ ಮರೆತದ್ದು. ಉಂಗುರವನ್ನೂ ಹಾಕದೆ ಬಿಟ್ಟೆ. ಹಾರಿತು. ಆಮೇಲೆ ನನಗೆ ಕಾಫಿ ಇಳಿಯಲಿಲ್ಲ. ಈಗ ಪ್ರತಿ ಚೀಲವನ್ನೂ ಒಳಹೊರಗು ಮಾಡಿಯೇ ಮಡಿಸುತ್ತೇನೆ, ಖಾಲಿ ಅಂತ ಗೊತ್ತಿದ್ದರೂ.