ಹೊಸ ಊರಿಗೆ ಬಂದವರ ಸುರಕ್ಷತೆ: ಅಪರಾಧಕ್ಕೆ ಗುರಿಯಾಗದಿರಲು ವಹಿಸಬೇಕಾದ ಎಚ್ಚರ

ಪರದೇಶಕ್ಕೆ ಬಂದು ಸಂಸಾರ ಹೂಡುವ ಮೊದಲ ಕೆಲವು ತಿಂಗಳುಗಳಲ್ಲಿ ಮನೆಮಂದಿಯ ಗಮನವೆಲ್ಲ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಮತ್ತು ವೀಸಾ ಕಾಗದಪತ್ರಗಳ ಮೇಲೆ ನೆಟ್ಟಿರುತ್ತದೆ. ಸುರಕ್ಷತೆಯ ವಿಚಾರ ಆಗ ಹಿಂದೆ ಸರಿಯುವುದು ಸಹಜ. ಆದರೆ ಕಳ್ಳರೂ ವಂಚಕರೂ ಕಾದಿರುವುದು ಅಂಥ ಹೊತ್ತಿಗೇ. ಒಂದು ಊರಿನಲ್ಲಿ ಬಹುಕಾಲ ಬಾಳಿದವರಿಗೆ ಸರ್ಕಾರಿ ಇಲಾಖೆ ಹೇಗೆ ಸಂಪರ್ಕಿಸುತ್ತದೆ, ಮನೆ ಮಾಲೀಕರು ಮುಂಗಡ ಹಣವನ್ನು ಯಾವಾಗ ಕೇಳುತ್ತಾರೆ, ಪೊಲೀಸರು ಬಾಗಿಲಿಗೆ ಬಂದರೆ ಏನು ತೋರಿಸುತ್ತಾರೆ ಎಂಬುದೆಲ್ಲ ಅನುಭವದಿಂದ ಗೊತ್ತಿರುತ್ತದೆ. ಹೊಸಬರಿಗೆ ಆ ಅಳತೆಗೋಲು ಇನ್ನೂ ಕೈಗೆ ಬಂದಿರುವುದಿಲ್ಲ. ಕತ್ತಲ ಬೀದಿಗಿಂತ ಈ ತಿಳಿವಳಿಕೆಯ ಕೊರತೆಯೇ ಹೊಸ ಕುಟುಂಬಗಳಿಗೆ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ನಮ್ಮ ಕನ್ನಡ ಸಂಘದ ಈ ಮಾರ್ಗದರ್ಶಿಯಲ್ಲಿ ಬೀದಿಯ ಕಳ್ಳತನಕ್ಕಿಂತ ಫೋನಿನ ಮೂಲಕ ಬರುವ ವಂಚನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲ ದಿನವೇ ತಿಳಿದಿರಬೇಕಾದ ಸಂಖ್ಯೆ

ನೀವಿರುವ ದೇಶದ ತುರ್ತು ಕರೆಯ ಸಂಖ್ಯೆಯನ್ನು ಮನೆಯ ಪ್ರತಿಯೊಬ್ಬರೂ, ಮಾತು ಬಲ್ಲ ಮಕ್ಕಳೂ ಸೇರಿದಂತೆ, ಬಾಯಿಪಾಠ ಮಾಡಿರಬೇಕು. ಅಮೆರಿಕ ಮತ್ತು ಕೆನಡಾಗಳಲ್ಲಿ ಅದು 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿಯೂ ಭಾರತದಲ್ಲಿಯೂ 112. ಕರೆ ಸ್ವೀಕರಿಸಿದವರಿಗೆ ಮೊದಲು ಹೇಳಬೇಕಾದದ್ದು ನೀವು ಎಲ್ಲಿದ್ದೀರಿ ಎಂಬುದನ್ನು, ಅನಂತರ ಏನಾಗಿದೆ ಎಂಬುದನ್ನು. ಮಾತು ನಡುವೆ ಕಡಿದುಹೋದರೂ ವಿಳಾಸ ತಿಳಿದಿದ್ದರೆ ನೆರವು ಹೊರಡಬಲ್ಲದು. ಗಾಬರಿಯಲ್ಲಿ ಸ್ವಂತ ವಿಳಾಸವೇ ಮರೆತುಹೋಗುವುದುಂಟು, ಅದರಲ್ಲಿಯೂ ಅದು ಹೊಸ ವಿಳಾಸವಾಗಿದ್ದರೆ. ಆದ್ದರಿಂದ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಬಾಗಿಲ ಬಳಿ ಅಂಟಿಸಿಡಿ. ಹಿರಿಯರು ಜೊತೆಗಿದ್ದು ಅವರಿಗೆ ಸ್ಥಳೀಯ ಭಾಷೆ ಬಾರದಿದ್ದರೆ, ‘ಪೊಲೀಸ್’, ‘ಆಂಬುಲೆನ್ಸ್’, ‘ಬೆಂಕಿ’ ಎಂಬುದಕ್ಕೆ ಅಲ್ಲಿನವರು ಬಳಸುವ ಪದಗಳನ್ನೂ ಕನ್ನಡ ಭಾಷೆಯ ಹೆಸರನ್ನು ಅಲ್ಲಿನವರಿಗೆ ಅರ್ಥವಾಗುವಂತೆ ಹೇಳುವುದನ್ನೂ ಕಲಿಸಿಕೊಡಿ; ಹಲವು ದೇಶಗಳಲ್ಲಿ ತುರ್ತು ಸೇವೆಯವರು ದುಭಾಷಿಗಳ ಸಹಾಯ ಪಡೆಯಬಲ್ಲರು.

ಫೋನಿನಲ್ಲಿ ಬರುವ ಬೆದರಿಕೆ

ಹೊಸಬರನ್ನು ಗುರಿಯಾಗಿಸಿಕೊಂಡ ವಂಚನೆಗಳಲ್ಲಿ ಬಹಳ ಕ್ರೂರವಾದದ್ದು ಅಧಿಕಾರಿಯ ವೇಷದ ಕರೆ. ವಲಸೆ ಇಲಾಖೆಯಿಂದಲೋ ತೆರಿಗೆ ಇಲಾಖೆಯಿಂದಲೋ ರಾಯಭಾರ ಕಚೇರಿಯಿಂದಲೋ ಮಾತನಾಡುತ್ತಿರುವುದಾಗಿ ಹೇಳುವ ವ್ಯಕ್ತಿ ನಿಮ್ಮ ವೀಸಾ ಅರ್ಜಿಯಲ್ಲಿ ದೋಷವಿದೆ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಈಗಲೇ ದಂಡ ಕಟ್ಟದಿದ್ದರೆ ಬಂಧಿಸಿ ಗಡೀಪಾರು ಮಾಡುತ್ತೇವೆ ಎಂದು ಹೆದರಿಸುತ್ತಾನೆ. ಫೋನಿನ ಪರದೆಯ ಮೇಲೆ ಆ ಕಚೇರಿಯದೇ ಸಂಖ್ಯೆ ಕಾಣಿಸಬಹುದು. ಕರೆ ಮಾಡಿದವರ ಸಂಖ್ಯೆಯನ್ನು ಬದಲಿಸಿ ತೋರಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ನಿಮ್ಮ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ತಂದೆಯ ಹೆಸರು ಅವನಿಗೆ ಗೊತ್ತಿರಬಹುದು. ಸೋರಿಹೋದ ಮಾಹಿತಿಯ ಕಡತಗಳಲ್ಲಿ ಅವೆಲ್ಲ ಮಾರಾಟಕ್ಕೆ ಸಿಗುತ್ತವೆ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟವನೊಬ್ಬ ಕುಳಿತು, ಕ್ಯಾಮೆರಾ ಮುಂದಿನಿಂದ ಏಳಬಾರದು, ಯಾರಿಗೂ ಹೇಳಬಾರದು ಎಂದು ಗಂಟೆಗಟ್ಟಲೆ ಕೂರಿಸುವ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಗೆ ಓದು ಬಲ್ಲವರೂ ಉನ್ನತ ಹುದ್ದೆಯಲ್ಲಿದ್ದವರೂ ಸಿಕ್ಕಿಬಿದ್ದಿದ್ದಾರೆ. ಹಾಗೆ ಬಂಧಿಸುವ ಅವಕಾಶ ಭಾರತದ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಇಂಥ ಕರೆಗಳನ್ನು ಗುರುತಿಸಲು ಎರಡು ಲಕ್ಷಣಗಳು ಸಾಕು: ಒಂದು ಅವಸರ, ಇನ್ನೊಂದು ಗುಟ್ಟು. ನಿಜವಾದ ಇಲಾಖೆ ನಿಮಗೆ ವಕೀಲರನ್ನು ಕೇಳಲು, ಮನೆಯವರೊಡನೆ ಮಾತನಾಡಲು, ಕಾಗದ ಓದಲು ಸಮಯ ಕೊಡುತ್ತದೆ. ಗಿಫ್ಟ್ ಕಾರ್ಡಿನ ಸಂಖ್ಯೆಯ ಮೂಲಕವೋ ಕ್ರಿಪ್ಟೋ ನಾಣ್ಯದ ಮೂಲಕವೋ ದಂಡ ವಸೂಲು ಮಾಡಲು ಯಾವ ಸರ್ಕಾರಿ ಅಧಿಕಾರಿಯೂ ಫೋನ್ ಮಾಡುವುದಿಲ್ಲ. ಆದ್ದರಿಂದ ಹೆದರಿಕೆ ಹುಟ್ಟಿಸುವ ಕರೆ ಬಂದರೆ ವಾದಕ್ಕಿಳಿಯದೆ, ಕ್ಷಮೆ ಕೇಳದೆ ಕರೆಯನ್ನು ಕತ್ತರಿಸಿ, ಆ ಇಲಾಖೆಯ ಅಧಿಕೃತ ಜಾಲತಾಣದಿಂದ ಸಂಖ್ಯೆಯನ್ನು ನೀವೇ ಹುಡುಕಿ ವಿಚಾರಿಸಿ. ಬ್ಯಾಂಕಿನವರೆಂದು ಹೇಳಿಕೊಂಡವರ ವಿಷಯದಲ್ಲಿಯೂ ಕ್ರಮ ಇದೇ: ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆ ಮಾಡಬೇಕು. ಓಟಿಪಿ ಎಂಬುದು ಮನೆಯ ಬೀಗದಕೈ ಇದ್ದಂತೆ. ಬ್ಯಾಂಕಿನ ಸಿಬ್ಬಂದಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಮನುಷ್ಯರ ಧ್ವನಿಯನ್ನು ಯಂತ್ರದಿಂದ ಅನುಕರಿಸುವ ಕಾಲ ಬಂದಿರುವುದರಿಂದ, ಮಗನ ದನಿಯಲ್ಲಿಯೇ ‘ಅಪಘಾತವಾಗಿದೆ, ಹಣ ಕಳಿಸಿ’ ಎಂಬ ಕರೆ ಊರಿನಲ್ಲಿರುವ ತಂದೆತಾಯಿಗೆ ಹೋಗಬಹುದು. ಮನೆಯವರಿಗೆ ಮಾತ್ರ ತಿಳಿದಿರುವ ಒಂದು ಗುರುತಿನ ಮಾತನ್ನು ಇಂದೇ ಗೊತ್ತುಮಾಡಿಕೊಳ್ಳಿ, ಅದನ್ನು ಊರಿನಲ್ಲಿರುವ ಹಿರಿಯರಿಗೂ ತಿಳಿಸಿ.

ಬಾಡಿಗೆ ಮನೆ ಹುಡುಕುವಾಗ, ಮನೆಯನ್ನು ಕಣ್ಣಾರೆ ನೋಡುವ ಮೊದಲು ಅಥವಾ ನಂಬಿಕಸ್ತರೊಬ್ಬರು ಒಳಗೆ ಹೋಗಿ ನೋಡಿ ಬರುವ ಮೊದಲು ಮುಂಗಡ ಕಳಿಸಬೇಡಿ. ಬೇರೆ ಜಾಹೀರಾತಿನಿಂದ ಕದ್ದ ಚಿತ್ರಗಳನ್ನು ಹಾಕಿ, ಮಾಲೀಕರು ಪರಊರಿನಲ್ಲಿದ್ದಾರೆ, ಹಣ ಬಂದ ಕೂಡಲೇ ಬೀಗದಕೈ ಅಂಚೆಯಲ್ಲಿ ಬರುತ್ತದೆ ಎಂದು ನಂಬಿಸುವುದು ಹಳೆಯ ತಂತ್ರ. ಇನ್ನೊಂದು ಮಾತನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕಾಗಿದೆ. ನಿಮ್ಮ ಖಾತೆಗೆ ಬಂದ ಹಣವನ್ನು ಇನ್ನೊಂದು ಖಾತೆಗೆ ದಾಟಿಸಿದರೆ ಕಮಿಷನ್ ಕೊಡುತ್ತೇವೆ ಎಂಬ ‘ಮನೆಯಿಂದಲೇ ಕೆಲಸ’ ನಿಜಕ್ಕೂ ಕೆಲಸವಲ್ಲ, ಕದ್ದ ಹಣವನ್ನು ಸಾಗಿಸುವ ವ್ಯವಸ್ಥೆ. ಅದರಲ್ಲಿ ಸಿಕ್ಕಿಬಿದ್ದವರನ್ನು ಕಾನೂನು ಸಂತ್ರಸ್ತರೆಂದಲ್ಲದೆ ಆರೋಪಿಗಳೆಂದು ನೋಡಬಹುದು. ಖಾತೆ ಮುಚ್ಚಿಹೋಗಬಹುದು, ಓದಿಗಾಗಿ ಪಡೆದ ವೀಸಾಕ್ಕೂ ಕುತ್ತು ಬರಬಹುದು.

ಮನೆ, ವಾಹನ, ದಾರಿ

ಹಿಂದಿನ ಬಾಡಿಗೆದಾರರ ಬಳಿ ಬೀಗದಕೈಯ ಪ್ರತಿ ಉಳಿದಿರಬಹುದಾದ್ದರಿಂದ, ಮನೆಗೆ ಬಂದ ವಾರದೊಳಗೆ ಬೀಗವನ್ನು ಬದಲಿಸಿಕೊಡುವಂತೆ ಮಾಲೀಕರನ್ನು ಕೇಳುವುದರಲ್ಲಿ ಸಂಕೋಚವಿರಬಾರದು. ಕಳ್ಳರು ಒಳಬರಲು ಕಿಟಕಿ ಒಡೆಯಲೇಬೇಕೆಂದಿಲ್ಲ. ಮರೆತು ತೆರೆದಿಟ್ಟ ಹಿಂಬಾಗಿಲು, ಕಾಲೊರಸಿನ ಕೆಳಗಿಟ್ಟ ಬೀಗದಕೈ ಅವರಿಗೆ ಸಾಕು. ಹೊಸ ಟಿವಿ ಅಥವಾ ಕಂಪ್ಯೂಟರಿನ ಖಾಲಿ ಪೆಟ್ಟಿಗೆಯನ್ನು ಹಾಗೆಯೇ ಹೊರಗೆ ಇಡುವುದು ಒಳಗೇನಿದೆ ಎಂದು ಬೀದಿಗೆ ಸಾರಿದಂತಾಗುತ್ತದೆ. ಪ್ರವಾಸದ ಚಿತ್ರಗಳನ್ನು ಮರಳಿ ಬಂದ ಮೇಲೆ ಹಂಚಿಕೊಂಡರೆ ಸಂತೋಷವೇನೂ ಕಡಿಮೆಯಾಗದು. ವಿದ್ಯುತ್, ನೀರು, ಇಂಟರ್ನೆಟ್ ದುರಸ್ತಿಗೆಂದು ಕರೆಯದೆಯೇ ಬಂದವರನ್ನು ಹೊರಗೇ ನಿಲ್ಲಿಸಿ, ಕಂಪನಿಗೆ ಕರೆ ಮಾಡಿ ಖಚಿತಪಡಿಸಿಕೊಂಡ ಅನಂತರವೇ ಬಾಗಿಲು ತೆರೆಯಬೇಕು. ಅದು ಅಸಭ್ಯತೆಯಲ್ಲ, ನಿಜವಾದ ಕೆಲಸಗಾರರು ಬೇಸರವಿಲ್ಲದೆ ಕಾಯುತ್ತಾರೆ.

ಕಾರಿನೊಳಗೆ ಕಣ್ಣಿಗೆ ಬೀಳುವಂತೆ ಚೀಲವನ್ನು ಬಿಡಬೇಡಿ, ಅದು ಖಾಲಿ ಇದ್ದರೂ. ಕೀಲಿ ತಿರುಗಿಸದೆಯೇ ತೆರೆಯುವ ಕಾರುಗಳ ಕೀಲಿಯ ಸಂಕೇತವನ್ನು ಗೋಡೆಯ ಆಚೆಯಿಂದಲೇ ಸೆಳೆದು ಕಾರನ್ನು ಒಯ್ಯುವ ವಿಧಾನವೊಂದು ಬಳಕೆಯಲ್ಲಿರುವುದರಿಂದ ಕೀಲಿಯನ್ನು ಮುಂಬಾಗಿಲಿನಿಂದ ದೂರವಿಡಿ. ದಾರಿಯಲ್ಲಿ ನಡೆಯುವಾಗ ಎರಡೂ ಕಿವಿಗಳನ್ನು ಮುಚ್ಚಿಕೊಳ್ಳದಿರುವುದು, ರಸ್ತೆಯಂಚಿನಲ್ಲಿ ನಿಂತು ಫೋನ್ ನೋಡದಿರುವುದು, ಎಟಿಎಂನಲ್ಲಿ ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯುವುದು ಅಭ್ಯಾಸವಾಗಬೇಕು. ಯಾರಾದರೂ ಆಯುಧ ತೋರಿಸಿ ಹಣವನ್ನೋ ಫೋನನ್ನೋ ಕೇಳಿದರೆ ಕೊಟ್ಟುಬಿಡಿ. ವಸ್ತುವನ್ನು ಮತ್ತೆ ಕೊಳ್ಳಬಹುದು, ಹೋರಾಡಿ ಜೀವಕ್ಕೆ ಆಪತ್ತು ತಂದುಕೊಳ್ಳುವ ಅಗತ್ಯವಿಲ್ಲ. ಫೋನಿನಲ್ಲಿ *#06# ಒತ್ತಿದಾಗ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು (ಅದು ನಿಮ್ಮ ಫೋನಿನ ಗುರುತಿನ ಸಂಖ್ಯೆ) ಮೊದಲೇ ಬೇರೆಡೆ ಬರೆದಿಟ್ಟಿದ್ದರೆ ದೂರು ಕೊಡುವಾಗಲೂ ಫೋನನ್ನು ನಿಷ್ಕ್ರಿಯಗೊಳಿಸುವಾಗಲೂ ನೆರವಾಗುತ್ತದೆ. ಪಾಸ್‌ಪೋರ್ಟನ್ನು ದಿನವೂ ಹೊತ್ತು ತಿರುಗಬೇಕೇ ಎಂಬುದು ನೀವಿರುವ ದೇಶದ ನಿಯಮವನ್ನು ಅವಲಂಬಿಸಿರುತ್ತದೆ. ಅದೇನೇ ಇರಲಿ, ಪ್ರತಿಯನ್ನು ಮೂಲದಿಂದ ಬೇರೆಯಾಗಿಯೇ ಇಡಬೇಕು, ಮತ್ತು ಮೂಲವನ್ನು ‘ಭದ್ರವಾಗಿರಲಿ’ ಎಂಬ ಮಾತು ಕೇಳಿ ಉದ್ಯೋಗದಾತರ ಕೈಗಾಗಲಿ ಮನೆ ಮಾಲೀಕರ ಕೈಗಾಗಲಿ ಒಪ್ಪಿಸಬಾರದು.

ಮನೆಯೊಳಗಿನ ಅಪಾಯ

ಅಪಾಯ ಸದಾ ಅಪರಿಚಿತರಿಂದಲೇ ಬರುತ್ತದೆ ಎಂದು ಮಕ್ಕಳಿಗೆ ಕಲಿಸುವುದು ಸಾಲದು. ಮೈಮುಟ್ಟುವ ವಿಷಯದಲ್ಲಿ ಗುಟ್ಟಾಗಿಡು ಎಂದು ದೊಡ್ಡವರು ಯಾರೇ ಹೇಳಿದರೂ, ಅವರು ಬಂಧುಗಳಾಗಿರಲಿ, ಗುರುಗಳಾಗಿರಲಿ, ಸಂಘದ ಹಿರಿಯರೇ ಆಗಿರಲಿ, ಅದನ್ನು ಅಪ್ಪ ಅಮ್ಮನಿಗೆ ಹೇಳಬೇಕು, ಹೇಳಿದರೆ ಬೈಗುಳ ಬೀಳುವುದಿಲ್ಲ ಎಂಬ ಭರವಸೆ ಮಗುವಿಗೆ ಇರಬೇಕು. ಶಾಲೆಯಿಂದ ಕರೆದೊಯ್ಯಲು ಬೇರೆಯವರು ಬಂದಾಗ ಮೇಲೆ ಹೇಳಿದ ಗುರುತಿನ ಮಾತೇ ಉಪಯೋಗಕ್ಕೆ ಬರುತ್ತದೆ.

ಗಂಡನ ವೀಸಾದ ಆಧಾರದ ಮೇಲೆ ಬಂದು, ಭಾಷೆ ಬಾರದೆ, ಸ್ವಂತ ಖಾತೆಯಿಲ್ಲದೆ, ಪಾಸ್‌ಪೋರ್ಟ್ ಇನ್ನೊಬ್ಬರ ಕಪಾಟಿನಲ್ಲಿರುವಾಗ ಹೊಡೆತವನ್ನೋ ಬೆದರಿಕೆಯನ್ನೋ ಸಹಿಸುತ್ತಿರುವ ಹೆಣ್ಣುಮಕ್ಕಳು ಈ ಸಾಲುಗಳನ್ನು ಓದುತ್ತಿರಬಹುದು. ದೂರು ಕೊಟ್ಟರೆ ದೇಶದಿಂದ ಹೊರಗೆ ಹಾಕುತ್ತಾರೆ ಎಂಬ ಮಾತನ್ನು ಹೆದರಿಸುವವರ ಬಾಯಿಂದಲೇ ಕೇಳಿ ನಂಬಬೇಡಿ; ಹಿಂಸೆಗೆ ಒಳಗಾದ ಸಂಗಾತಿಗೆ ಪ್ರತ್ಯೇಕ ರಕ್ಷಣೆ ಕೊಡುವ ಕಾನೂನು ಹಲವು ದೇಶಗಳಲ್ಲಿದೆ, ಮತ್ತು ಅದನ್ನು ತಿಳಿಸಿಕೊಡುವ ಸಹಾಯವಾಣಿಗಳು ನಿಮ್ಮ ಹೆಸರು ಕೇಳದೆಯೂ ಮಾತನಾಡುತ್ತವೆ. ಕಾಗದಗಳ ಪ್ರತಿಗಳನ್ನು ನಂಬಿಕೆಯ ಗೆಳತಿಯ ಬಳಿ ಇಡಿ, ಹುಡುಕಾಟದ ಇತಿಹಾಸವನ್ನು ಅಳಿಸಿ, ಸಾಧ್ಯವಾದರೆ ಬೇರೊಬ್ಬರ ಫೋನಿನಿಂದ ಕರೆ ಮಾಡಿ.

ಆದದ್ದು ಆದ ಮೇಲೆ

ಹಣ ಕಳೆದುಕೊಂಡವರು ನಮ್ಮ ಬಳಿ ಬರುವ ಹೊತ್ತಿಗೆ ಹಲವು ದಿನಗಳು ಕಳೆದಿರುವುದುಂಟು. ಅವರನ್ನು ತಡೆಯುವುದು ನಾಚಿಕೆ: ಇಷ್ಟು ಓದಿದ ನಾನು ಹೇಗೆ ನಂಬಿದೆ ಎಂಬ ಸಂಕಟ. ಮೋಸ ಹೋದದ್ದು ನಿಮ್ಮ ತಪ್ಪಲ್ಲ, ಮೋಸ ಮಾಡಿದವನದು. ಬ್ಯಾಂಕಿಗೆ ಅದೇ ಗಂಟೆಯಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ, ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಹರಿದುಹೋಗುತ್ತದೆ. ಅನಂತರ ಪಾಸ್‌ವರ್ಡ್‌ಗಳನ್ನು ಬದಲಿಸಿ, ಸಂದೇಶಗಳನ್ನೂ ಕರೆಯ ವಿವರಗಳನ್ನೂ ಅಳಿಸದೆ ಉಳಿಸಿಕೊಂಡು, ಪೊಲೀಸರಿಗೆ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಪಡೆಯಬೇಕು. ವಿಮೆಗೂ ಹೊಸ ಪಾಸ್‌ಪೋರ್ಟಿಗೂ ಆ ಸಂಖ್ಯೆ ಬೇಕಾಗಬಹುದು. ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕೊಡಿ ಎಂದು ಕೆಲವು ವಾರಗಳ ಅನಂತರ ಬರುವ ಕರೆ ಅದೇ ವಂಚಕರ ಎರಡನೆಯ ಸುತ್ತು ಆಗಿರಬಹುದು. ಬಣ್ಣವನ್ನೋ ಭಾಷೆಯನ್ನೋ ಹಿಡಿದು ಬೀದಿಯಲ್ಲಿ ನಿಂದಿಸಿದ, ಉಗುಳಿದ ಘಟನೆಗಳನ್ನು ಸಣ್ಣದೆಂದು ಬಿಡದೆ, ದಿನಾಂಕ, ಸಮಯ, ಸ್ಥಳ ಮತ್ತು ನೋಡಿದವರ ವಿವರಗಳೊಡನೆ ಬರೆದಿಟ್ಟು ದೂರು ಕೊಡಿ. ಠಾಣೆಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದ ಸ್ವಯಂಸೇವಕರೊಬ್ಬರು ಜೊತೆಗೆ ಬರುತ್ತಾರೆ, ಬೇಕಾದರೆ ನಿಮ್ಮ ಮಾತನ್ನು ಅನುವಾದಿಸಿ ಹೇಳುತ್ತಾರೆ, ಮತ್ತು ನೀವು ಹೇಳಿದ ವಿಷಯವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಸಂಘದ ಇತರರಿಗೂ ತಿಳಿಸುವುದಿಲ್ಲ.